ಕಟ್ಟದೆ ಉಳಿದ ಕೆಂಪು ದಾರ

ಎಳ್ಳಮಾಸಿ ಹಬ್ಬ ಮುಗಿದು ಹನ್ನೊಂದು ದಿನವಾಗಿತ್ತು. ಹೊಲಗಳಲ್ಲಿ ಬಿಳಿಜೋಳ ತೆನೆಯೊಡೆದು ನಿಂತಿತ್ತು. ತೊಗರಿ ಕೊಯ್ದವರು ರಾಶಿಗೆ ಹತ್ತಿದ್ದರು, ಕಬ್ಬಿದ್ದವರು ಗಾಣ ಹೂಡಿದ್ದರು. ಜನವಾಡದಿಂದ ಬೀದರಕ್ಕೆ ಹೋಗುವ ಬೆಳಗಿನ ಬಸ್ಸಿನಲ್ಲಿ ಹಸಿಕಡಲೆ ಸಿವುಡುಗಳ ನಡುವೆ ಕಾಲೂರಲು ಜಾಗ ಹುಡುಕುತ್ತ ನಿಂತೇ ಬಂದ ಕರುಣಾ, ಹಳೇ ಊರಿನ ಓಣಿಯಲ್ಲಿ ಖುರ್ಷಿದ ಬೇಗಂ ಅವರ ಮನೆ ಮುಟ್ಟುವ ಹೊತ್ತಿಗೆ ಗಂಟೆ ಒಂಬತ್ತು.

ಆ ಮನೆಯ ಮಹಡಿಯಲ್ಲಿ ಕರುಣಾಳ ಕಚೇರಿ. ಬೀದರ ಸೀಮೆಯ ಕಸುಬುಗಳ ಪದಕೋಶ ಮಾಡುತ್ತಿದ್ದ ಒಂದು ಸಣ್ಣ ಸಂಸ್ಥೆ ಅದು. ಮೆಟ್ಟಿಲು ಏರಬೇಕಾದರೆ ಬೇಗಂರ ಪಡಸಾಲೆ ದಾಟಿಯೇ ಹೋಗಬೇಕು. ಬೇಗಂ ಮೂವತ್ತೈದು ವರ್ಷ ತಹಸೀಲಿನ ದಫ್ತರಖಾನೆಯಲ್ಲಿ ನಿಜಾಮರ ಕಾಲದ ಉರ್ದು ಕಾಗದಗಳನ್ನು ಓದಿ ಕನ್ನಡಕ್ಕೆ ಇಳಿಸಿದವರು. ನಿವೃತ್ತಿಯಾದ ಮೇಲೆ ಕಾಗದಗಳೇ ಅವರನ್ನು ಹುಡುಕಿಕೊಂಡು ಬರತೊಡಗಿದವು. ಕಾಗದದ ಬೆನ್ನಿಗೆ ಜಗಳಗಳು ಬಂದವು, ಜಗಳದ ಬೆನ್ನಿಗೆ ಕಳವುಗಳು. ಹೋದ ಮಳೆಗಾಲದಲ್ಲಿ ಸಲಾವೋದ್ದೀನನ ಹಿಟ್ಟಿನ ಗಿರಣಿಯಿಂದ ಮೋಟಾರು ಮಾಯವಾದಾಗ ಠಾಣೆಯ ಹವಾಲ್ದಾರನೇ ಬಂದು, ಈ ಪಡಸಾಲೆಯಲ್ಲಿ ಚಹಾ ಕುಡಿದು, ಕಳ್ಳನ ಹೆಸರು ಬರೆದುಕೊಂಡು ಹೋಗಿದ್ದ. ಇಂಥ ಕೆಲಸಕ್ಕೆ ಬೇಗಂ ಹೊರಟರೆ ಜೊತೆಗೆ ಕರುಣಾ ಇರಲೇಬೇಕು. ಅವರಿಗೆ ಕಣ್ಣು ಮಂಜು. ಈಕೆಗೆ ಕಂಡದ್ದನ್ನು ಕಂಡ ಹಾಗೆ ಹೇಳುವ ಅಭ್ಯಾಸ.

"ಬಾ ಬೇಟಿ, ಮೊದಲು ನಾಷ್ಟಾ ಮಾಡು," ಎಂದು ಬೇಗಂ ಬಿಸಿ ರೊಟ್ಟಿಯ ಮೇಲೆ ಜೇನಿನ ಹಾಗೆ ಹರಿಯುವ ಕಾಕಂಬಿ ಬೆಲ್ಲ ಸುರುವಿದರು. "ನಿಮ್ಮ ಕಚೇರಿ ಅಮಿತ ಸಾಯಗಾಂವದಿಂದ ತಂದು ಕೊಟ್ಟದ್ದು ಇನ್ನೂ ಅದ. ಮೊದಲ ದಿನದ್ದಂತ, ಏನು ರುಚಿ ಅಂತಿ!"

ಸಾಯಗಾಂವದ ಹೆಸರು ಕೇಳಿದ್ದೇ ತಡ, ಕರುಣಾ ಕೈಯ ತುತ್ತನ್ನು ತಟ್ಟೆಗೆ ಮರಳಿಟ್ಟಳು. ಒಂಬತ್ತು ದಿನದಿಂದ ಒಂದು ಮಾತನ್ನು ಆಕೆ ಬೇಗಂರಿಗೂ ಹೇಳದೆ ನುಂಗಿಕೊಂಡಿದ್ದಳು.

ಅಷ್ಟರಲ್ಲಿ ಹೊಸ್ತಿಲ ಹೊರಗೆ ಕೆಮ್ಮು ಕೇಳಿಸಿತು. ಬಿಳಿ ಧೋತರ, ತಲೆಗೆ ರುಮಾಲು, ಹಣೆಯಲ್ಲಿ ಇಬತ್ತಿ. ಸಾಯಗಾಂವದ ಶಿವರಾಜಪ್ಪ. ನಲವತ್ತು ವರ್ಷದಿಂದ ತನ್ನ ಗಾಣದ ಪಾಕ ನೋಡುತ್ತ ಬಂದ ಮುದುಕ. ಅವನ ಬೆಲ್ಲಕ್ಕೆ ಭಾಲ್ಕಿ ಪೇಟೆಯಲ್ಲಿ ಚೌಕಾಶಿ ಇಲ್ಲ. ಕರುಣಾ ಎದ್ದು ನೀರಿನ ತಂಬಿಗೆ ಹಿಡಿದಳು. ಅವನು ಕೈ ಮುಂದೆ ಮಾಡಲಿಲ್ಲ.

"ಜಾತಿ ಮಾತಲ್ರಿ ಬೇಗಂಬಿ, ತಪ್ಪು ತಿಳೀಬ್ಯಾಡ್ರಿ. ಬಸವಣ್ಣನ ಮನಿಯವರು ನಾವು. ಈ ಹುಡಿಗಿ ನಮ್ಮ ಒಲಿ ಮುಂದ ಕೂತು ನಮ್ಮ ಸಂಗಾಟ ಉಂಡಾಳ. ಆದ್ರ ಮಾತು ಮುರಿದವರ ಕೈನೀರು ನನಗ ಇಳಿಯಂಗಿಲ್ಲ."

"ಕಾಕಾ..." ಎಂದಳು ಕರುಣಾ.

"ಕಾಕಾ ಅನಬ್ಯಾಡ." ಅವನು ಬೇಗಂರ ಕಡೆ ತಿರುಗಿದ. "ಮಾಂಜ್ರಾ ದಂಡಿ ಮ್ಯಾಲ ಮೂರು ಮರ ಇದ್ದವ್ರಿ. ಕಬ್ಬಿನ ಹಾಲು ಕುದಿಯುವಾಗ ಅದರ ತೊಗಟಿ ಇಷ್ಟ ಅದ್ದಿದ್ರ ಸಾಕು, ಹೊಲಸೆಲ್ಲ ಮ್ಯಾಲ ಬರ್ತದ. ಔಷಧಿ ಬ್ಯಾಡ, ಪುಡಿ ಬ್ಯಾಡ. ನಮ್ಮಜ್ಜ ನಮ್ಮಪ್ಪಗ ಹೇಳಿದ್ದು, ನಮ್ಮಪ್ಪ ನನಗ. ಯಾವ ಮರ ಅಂತ ಊರಾಗ ಯಾರಿಗೂ ಗೊತ್ತಿಲ್ಲ. ಈಕಿ ಆರು ತಿಂಗಳು ಓಡ್ಯಾಡಿ ಕೇಳಿದಳು. ಯಾರಿಗೂ ತೋರಸಂಗಿಲ್ಲ, ನಿಮ್ಮ ಮಗ ಕಲಿಯೂತನ ಮುಚ್ಚಿ ಇಡ್ತೇನಿ ಅಂದಳು. ಹೇಳಿದೆ. ಮೊನ್ನಿ ಮಂಗಳವಾರ ಟೆಂಪೋ ತಗೊಂಡು ಯಾರೋ ಬಂದು ಮೂರೂ ಮರ ಸುತ್ತಲೂ ಸುಲಿದು ಒಯ್ದಾರ. ಬುಡದಿಂದ ಎದಿಮಟ. ನಾ ಹೋಗಿ ನೋಡಿದ್ರ ಮರ ಬತ್ತಲಿ ನಿಂತಿದ್ದವು."

ಸುತ್ತಲೂ ತೊಗಟೆ ಹೋದ ಮರ ಬದುಕುವುದಿಲ್ಲ. ಅದನ್ನು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಬೇಟಿ," ಎಂದರು ಬೇಗಂ, "ಬಾಯಿ ಬಿಡು."

ಕರುಣಾ ಹೇಳಿದಳು. ಎಳ್ಳಮಾಸಿ ಬಂದದ್ದು ಭಾನುವಾರ. ಮರುದಿನ ಸೋಮವಾರ ಸಾಯಗಾಂವದಲ್ಲಿ ಗಾಣದ ಮೊದಲ ಕೊಪ್ಪರಿಗೆ. ಆಕೆಗೆ ಅಲ್ಲಿಗೆ ಹೋಗುವ ಆಸೆಯಿತ್ತು. ಆದರೆ ಸಂಸ್ಥೆಯ ಮುಖ್ಯಸ್ಥ ಸುಶೀಲಕುಮಾರ ಸರ್, ಔರಾದದಲ್ಲಿ ಸಂಸ್ಥೆಯ ಕೆಲಸ ಮಾಡುವ ಪೂನಮಳ ಜೊತೆ ತೊಗರಿಬೇಳೆ ಮಾಡುವವರನ್ನು ಕಂಡು ಬಾ ಎಂದು ಆಕೆಯನ್ನು ಅತ್ತ ಕಳಿಸಿದ್ದರು. ಸಾಯಗಾಂವಕ್ಕೆ ತಾವೇ ಹೋಗುವುದಾಗಿ ಹೇಳಿದ್ದರು. ಸದಾ ಚೀಲದಲ್ಲೇ ಇರುತ್ತಿದ್ದ ನೋಟುಬುಕ್ಕನ್ನು ಆಕೆ ಸೋಮವಾರ ಬೆಳಿಗ್ಗೆ ಎಂಟಕ್ಕೆ ಕಚೇರಿಯ ಕಬ್ಬಿಣದ ಕಪಾಟಿನಲ್ಲಿಟ್ಟು ಕೀಲಿ ಹಾಕಿ ಬಸ್ಸು ಹಿಡಿದಳು. ಮಂಗಳವಾರ ಬೆಳಿಗ್ಗೆ ಬಂದು ತೆಗೆದರೆ ನೋಟುಬುಕ್ಕಿಲ್ಲ. ಬೀಗ ಮುರಿದಿರಲಿಲ್ಲ.

"ಅವತ್ತೇ ಯಾಕ ಕಪಾಟಿನ್ಯಾಗ ಇಟ್ಟಿ?"

"ಔರಾದ ಬಸ್ಸಿನ್ಯಾಗ ಗದ್ದಲ ಇರ್ತದ, ಇಟ್ಟು ಹೋಗು ಅಂತ ಸರ್ ಅಂದಿದ್ರು ಖಾಲಾ."

"ಕಳದದ್ದು ಯಾರಿಗಿ ಹೇಳ್ದಿ?"

"ಸರ್‌ಗ ಅಷ್ಟೇ. ಸಿಗೂತನ ಯಾರಿಗೂ ಹೇಳಬ್ಯಾಡ, ಹಿರಿಯರು ನೊಂದ್ಕೋತಾರ ಅಂದ್ರು."

ಶಿವರಾಜಪ್ಪ ನಗಲಿಲ್ಲ, ಸಿಟ್ಟಾಗಲೂ ಇಲ್ಲ. ಕಂಬಕ್ಕೆ ಒರಗಿ ಕುಳಿತ. "ನೋಡ್ರಿ, ಕಳುವಾತು ಅಂತ ಹೇಳೂದು ಭಾಳ ಹಗುರ," ಎಂದ.

"ತಡೀರಿ ಶಿವರಾಜಪ್ಪ. ನಾಕು ಹೊಡಿಯೂತನ ನಂಗ ಹೊತ್ತು ಕೊಡ್ರಿ," ಎಂದು ಬೇಗಂ ಕೋಲು ಊರಿ ಎದ್ದರು. "ಆ ಸೋಮವಾರ ನಾ ಒಂಬತ್ತಕ್ಕ ಕೋರ್ಟಿಗಿ ಹೋದಾಕಿ. ಒಬ್ಬರ ಕಾಗದ ಓದಿ ಹನ್ನೊಂದೂವರಿಗಿ ವಾಪಸ್ ಬಂದೆ. ಆಮ್ಯಾಲ ಸಂಜಿತನ ಈ ಹೊರಸು ಬಿಟ್ಟಿಲ್ಲ, ರಾತ್ರಿ ಬಾಗಿಲಿಗಿ ಅಗಳಿ ಹಾಕೀನಿ. ಮ್ಯಾಲ ಒಂದು ಬೆಕ್ಕೂ ಹತ್ತಿಲ್ಲ. ಆದದ್ದೆಲ್ಲ ಆ ಎರಡೂವರಿ ತಾಸಿನ್ಯಾಗ. ಕೀಲಿ ಯಾರ ಯಾರ ಹಂತೇಲಿ ಅವ?"

"ಸರ್ ಹಂತೇಲಿ, ಅಮಿತನ ಹಂತೇಲಿ, ನನ್ನ ಹಂತೇಲಿ."

ಇಬ್ಬರೂ ಮೇಲೆ ಹೋದರು. ಕಚೇರಿಯ ದೊಡ್ಡ ಗೋಡೆಯ ತುಂಬ ಚೀಟಿಗಳು, ಚೀಟಿಯಿಂದ ಚೀಟಿಗೆ ದಾರಗಳು. ಸುಶೀಲಕುಮಾರ ಸರ್ ಕಟ್ಟಿಕೊಟ್ಟ ಪದ್ಧತಿ ಅದು. ಕರುಣಾ ಕೆಲಸಕ್ಕೆ ಸೇರಿದ ಮೊದಲ ವಾರ ಪದಗಳ ಉದ್ದನೆಯ ಪಟ್ಟಿಯೊಂದನ್ನು ಒಯ್ದು ತೋರಿಸಿದಾಗ ಅವರು ಅದನ್ನು ಮಡಚಿ ಬದಿಗಿಟ್ಟು, "ಪದ ಹೆಕ್ಕೂದು ಯಾರಿಗರ ಬರ್ತದ. ಒಂದಕ್ಕೊಂದು ಹ್ಯಾಂಗ ಕಟ್ಟಿಕೊಂಡಾವ ಅದನ್ನ ನೋಡು. ಆಗ ಕಸುಬು ಕಾಣಿಸ್ತದ," ಎಂದಿದ್ದರು. ಆ ಮಾತಿಗೆ ಆಕೆ ಅವರನ್ನು ಗುರು ಎಂದು ಒಪ್ಪಿಕೊಂಡಿದ್ದಳು. ಕಪ್ಪು ದಾರವೆಂದರೆ 'ಇದಾದ ಮೇಲೆ ಇದು'. ಹಳದಿಯೆಂದರೆ 'ಇದರಿಂದ ಇದು'. ಕೆಂಪೆಂದರೆ 'ಹೀಗಿದ್ದರೆ ಮಾತ್ರ'.

ಸಾಯಗಾಂವದ ಸಾಲಿನಲ್ಲಿ ಎಂಟು ಚೀಟಿ: ಒಲೆ ಹೂಡುವುದು, ಕಬ್ಬು ಅರೆಯುವುದು, ಹಾಲು ಸೋಸುವುದು, ಮೇಲೆ ತೇಲಿದ ಮಡ್ಡಿ ತೆಗೆಯುವುದು, ಪಾಕ ನೋಡುವುದು, ಕೊಪ್ಪರಿಗೆ ಇಳಿಸುವುದು, ತಣಿಸುವ ದೋಣಿಗೆ ಸುರುವುವುದು, ಪೆಂಟಿ ಅಂದರೆ ಗಟ್ಟಿ ಬೆಲ್ಲದ ಮುದ್ದೆ ಹಾಕುವುದು. ಎಂಟಕ್ಕೂ ಕಪ್ಪು ದಾರ, ಅಲ್ಲಲ್ಲಿ ಹಳದಿ.

"ಕೆಂಪು ಯಾಕ ಒಂದೂ ಇಲ್ಲ?" ಬೇಗಂ ಗೋಡೆಗೆ ಮೂಗು ತಾಗಿಸಿ ಕೇಳಿದರು.

"ಅವು ನನ್ನ ನೋಟುಬುಕ್ಕಿನ್ಯಾಗ ಇದ್ವು ಖಾಲಾ. ಹಾಳಿ ಮುಂದಿನ ಮಗ್ಗಲ ಕೆಲಸ ಬರೀತಿದ್ದೆ, ಹಿಂದಿನ ಮಗ್ಗಲ ಷರತ್ತು. ಯಾವಾಗ ಮಾಡಬೇಕು, ಯಾವಾಗ ಮಾಡಬಾರದು. ಗೋಡಿಗಿ ಕಟ್ತೇನಿ ಅಂದ್ರ ಸರ್ ಬ್ಯಾಡ ಅಂದ್ರು. ಮೊದಲು ನೆಟ್ಟನ ದಾರಿ ಕಟ್ಟು, ಅಪವಾದದ ಬೆನ್ನು ಹತ್ತಿದ್ರ ಕೋಶ ಎಂದೂ ಮುಗಿಯಂಗಿಲ್ಲ ಅಂದ್ರು. ತೊಗಟಿ ಮಾತು ಮಾತ್ರ ನಾನೇ ಹೊರಗ ತೆಗಿಲಿಲ್ಲ."

ಕಂಪ್ಯೂಟರಿನ ಹಿಂದಿನಿಂದ ಅಮಿತಕುಮಾರ ಕತ್ತು ಎತ್ತಿದ. ಚೀಟಿಗಳನ್ನು ಟೈಪು ಮಾಡಿ ನಕ್ಷೆ ಬಿಡಿಸುವವನು ಅವನೇ. ಊರು ಭಾಲ್ಕಿ. ಬಿಡುವಿನಲ್ಲಿ ಅಂಗಡಿಗಳ ಬೋರ್ಡು ಮಾಡಿಕೊಡುತ್ತಿದ್ದ. ಹೈದರಾಬಾದಿನ ವ್ಯಾಪಾರಿಗಳ ಗುರುತು ಅವನಿಗಿತ್ತು. ಒಂಬತ್ತು ದಿನವೂ ಕರುಣಾಳ ಗುಮಾನಿ ಅವನ ಸುತ್ತಲೇ ಸುತ್ತಿತ್ತು.

"ಏನ್ ಖಾಲಾ, ಕೋಲು ಹಿಡಕೊಂಡು ಮ್ಯಾಲ ಬಂದೀರಿ? ಬಾಡಿಗಿ ಏರಸ್ಲಿಕ್ಕೇನು?"

"ನಿನ್ನ ನಾಲಿಗಿಗಿ ಬಾಡಿಗಿ ಹಾಕ್ತೇನಿ. ಎಳ್ಳಮಾಸಿ ಮರುದಿನ ಎಲ್ಲಿದ್ದಿ?"

"ಸಾಯಗಾಂವದಾಗ. ಊರಿಂದ ಗಾಡಿ ಮ್ಯಾಲ ಹೋಗಿದ್ದೆ. ನಕ್ಷಾಕ್ಕ ಪೆಂಟಿ ಫೋಟೋ ಬೇಕಾಗಿತ್ರಿ, ಕ್ಯಾಮೆರಾ ಹೊತ್ತುಕೊಂಡು ಹೋದೆ. ಮಂದಿ ತಂಬಿಗಿ ಹಿಡಕೊಂಡು ಸಾಲು ನಿಂತದ್ದು ಬಿಟ್ರ ಏನೂ ಸಿಗಲಿಲ್ಲ. ನಾನೂ ಒಬ್ಬ ಆಯಿ ಹಂತೇಲಿ ತಂಬಿಗಿ ಇಸಕೊಂಡು ಸಾಲಿಗಿ ಹಚ್ಚಿದೆ. ಪ್ಯಾಂಟೆಲ್ಲ ಅಂಟು ಅಂಟು. ನಮ್ಮವ್ವ ಬೈದದ್ದು ಬ್ಯಾರೆ."

"ನಿಮ್ಮ ಸರ್ ಕಂಡ್ರೇನು ಅಲ್ಲಿ?"

"ಬಂದಿದ್ರಂತ. ನಂಗ ಕಾಣಲಿಲ್ಲ. ಆ ಹೊಗಿಯಾಗ ಯಾರ ಮುಖ ಯಾರಿಗಿ ಕಾಣ್ತದ್ರಿ?"

ಬೇಗಂ ಹೇಳಿದಂತೆ ಕರುಣಾ ಅವನ ಫೋಟೋಗಳನ್ನು ನೋಡಿದಳು. ತಂಬಿಗೆಗಳು, ಹೊಗೆ, ಕೊಪ್ಪರಿಗೆಯ ಮುಂದೆ ಬಾಗಿದ ಶಿವರಾಜಪ್ಪನ ಬೆನ್ನು. ಮೊದಲನೆಯದನ್ನು ತೆಗೆದ ಹೊತ್ತು ಹತ್ತೂ ಇಪ್ಪತ್ತು. ಕೊನೆಯದು ಹನ್ನೊಂದೂ ಹತ್ತು. ಸಾಯಗಾಂವದಿಂದ ಬೀದರಕ್ಕೆ ಗಾಡಿಯ ಮೇಲೆ ಒಂದೂವರೆ ತಾಸಿನ ದಾರಿ. ಮೂರು ಕೀಲಿಯಲ್ಲಿ ಒಂದು ಕಳೆದರೆ ಎರಡು. ಆ ಲೆಕ್ಕ ಮಾಡಲು ಆಕೆಯ ಮನಸ್ಸು ಒಪ್ಪಲಿಲ್ಲ.

ಮಧ್ಯಾಹ್ನ ಸುಶೀಲಕುಮಾರ ಬಂದರು. ಐವತ್ತೈದರ ಆಸುಪಾಸು, ಒಗೆದು ಇಸ್ತ್ರಿ ಮಾಡಿದ ಖಾದಿ ಅಂಗಿ, ಹೆಗಲಿಗೆ ಚೀಲ. ಶಿವರಾಜಪ್ಪನನ್ನು ಕಂಡು ಒಂದು ಗಳಿಗೆ ಬಾಗಿಲಲ್ಲಿ ನಿಂತರು. ಮರಗಳ ಸುದ್ದಿ ಕೇಳಿ ತಲೆ ಕೆಳಗೆ ಹಾಕಿದರು. "ಕರುಣಾನ್ನ ಬೈಬ್ಯಾಡ್ರಿ ಹಿರಿಯರೇ. ಆಕಿ ಸಣ್ಣಾಕಿ, ಎಲ್ಲೋ ಬಿಟ್ಟು ಬಂದಿರ್ಬೇಕು," ಎಂದರು. ಆ ಮಾತು ಆಸರೆಯೋ ಆರೋಪವೋ ಕರುಣಾಳಿಗೆ ತಿಳಿಯಲಿಲ್ಲ.

"ನೀವು ಅವತ್ತು ಸಾಯಗಾಂವದಾಗ ಇದ್ರಿ ಅಂತಲ್ಲ ಮಾಸ್ತರ?"

"ಬೆಂಕಿ ಹಚ್ಚೂದರಿಂದ ಮಧ್ಯಾಹ್ನತನ ಇದ್ದೆ ಬೇಗಂ. ಅವತ್ತೇ ಸಂಜಿಗಿ ಮನಿಯಾಗ ವರದಿ ಬರ್ದೆ, ರಜಿಸ್ಟರದಾಗ ಹಚ್ಚೀನಿ ನೋಡ್ರಿ."

ಕರುಣಾ ಓದಿ ಹೇಳಿದಳು. ಆರೂವರೆಗೆ ಒಲೆ, ಏಳಕ್ಕೆ ಕಬ್ಬು, ಎಂಟಕ್ಕೆ ಹಾಲು ಸೋಸಿದ್ದು, ಒಂಬತ್ತರ ಸುಮಾರಿಗೆ ಮಡ್ಡಿ, ಹತ್ತೂವರೆಗೆ ಪಾಕ, ಆಮೇಲೆ ಆರು ಜನ ಬಿದಿರಿನ ಗಳ ಹಾಕಿ ಕೊಪ್ಪರಿಗೆ ಇಳಿಸಿದ್ದು, ದೋಣಿಗೆ ಸುರುವಿದ್ದು, ಹನ್ನೊಂದೂವರೆಗೆ ಬಕೀಟಿನಲ್ಲಿ ಒದ್ದೆ ಬಟ್ಟೆ ಹಾಸಿ ಇಪ್ಪತ್ತೆರಡು ಪೆಂಟಿ ಹಾಕಿದ್ದು. ಆಕೆ ಈ ವರದಿಯನ್ನು ವಾರದ ಹಿಂದೆಯೂ ಓದಿದ್ದಳು. ಗೋಡೆಯ ಮೇಲಿನ ತನ್ನ ಸಾಲಿಗೆ ಒಂದಕ್ಷರ ಹೆಚ್ಚು ಕಡಿಮೆಯಿಲ್ಲದೆ ಕೂಡಿ ಬಂದದ್ದು ನೋಡಿ, ಆ ದುಃಖದ ನಡುವೆಯೂ ಹೆಮ್ಮೆಪಟ್ಟಿದ್ದಳು.

ಬೇಗಂ ಶಿವರಾಜಪ್ಪನನ್ನು ಕೇಳಿದರು: "ಮಾಸ್ತರು ಇದ್ರೇನ್ರಿ?"

"ಬೆಂಕಿ ಹಚ್ಚೂಮುಂದ ಇದ್ರು, ಕೈ ಮುಗಿದ್ರು. ನೂರು ಮಂದಿ ನೋಡ್ಯಾರ. ಆಮ್ಯಾಲಿಂದು ನಂಗ ಗೊತ್ತಿಲ್ಲ. ಪಾಕ ಹಿಡಿದವ ಮಂದಿ ಮುಖ ನೋಡಂಗಿಲ್ರಿ."

ಬೇಗಂ ಔರಾದದಲ್ಲಿದ್ದ ಪೂನಮಳಿಗೆ ಫೋನು ಹಚ್ಚಿಸಿ, ಮರದ ತೊಗಟೆ ಇಳಿಸಿಕೊಂಡವರು ಆ ಕಡೆ ಯಾರಾದರೂ ಇದ್ದಾರೆಯೇ ನೋಡು ಎಂದರು. ಹೊಸದಾಗಿ ಬೆಲ್ಲದ ಪುಡಿ ಮಾಡಲು ಹೊರಟವರು ಔರಾದದ ಹೊರಗೆ ಶೆಡ್ಡು ಹಾಕಿದ ಸುದ್ದಿ ಅವರ ಕಿವಿಗೆ ಮೊದಲೇ ಬಿದ್ದಿತ್ತು. ಎರಡು ತಾಸಿನ ಮೇಲೆ ಪೂನಮಳ ಫೋನು ಬಂತು.

"ಖಾಲಾ, ಶೆಡ್ಡಿನ್ಯಾಗ ಎಂಟು ಚೀಲ ತೊಗಟಿ ಅದಾವ್ರಿ. ಗೋಡಿ ಮ್ಯಾಲ ಕರುಣಾನ ಅಕ್ಷರದ್ದು ಝೆರಾಕ್ಸ್ ಹಚ್ಚ್ಯಾರ. ಯಾರು ಕೊಟ್ರು ಅಂದ್ರ ಹೇಳವಲ್ರು. ನಾ ಬೆಲ್ಲದ ಪುಡಿ ಕೊಳ್ಳಾಕಿ ಅಂತ ಸುಳ್ಳು ಹೇಳಿ ಒಳಗ ಬಂದೀನಿ, ಲಗೂ ಹೊರಗ ಹೋಗಬೇಕು."

"ಎಷ್ಟು ಹಾಳಿ? ಹಿಂದಿನ ಮಗ್ಗಲಿಂದು ಅವ ಏನು?"

"ಇಲ್ರಿ. ಮುಂದಿನ ಮಗ್ಗಲ ಅಷ್ಟೇ."

ನಾಲ್ಕಕ್ಕೆ ಎಲ್ಲರೂ ಅಂಗಳದಲ್ಲಿ ಸೇರಿದರು. ಬೇಗಂ ಹೊರಸಿನ ಮೇಲೆ ಕುಳಿತು, ಗೋಡೆಯ ಎಂಟು ಚೀಟಿಗಳನ್ನು ಕರುಣಾಳಿಂದ ಇಳಿಸಿ ತರಿಸಿ, ಕಲಸಿ, ಸುಶೀಲಕುಮಾರರ ಕೈಗೆ ಕೊಟ್ಟರು.

"ಮಾಸ್ತರ, ನಾ ಗಾಣ ನೋಡಿದಾಕಿ ಅಲ್ಲ. ಅವತ್ತು ನೀವು ಕಂಡದ್ದು ಕಂಡಾಂಗ ಸಾಲಿಗಿ ಹಚ್ಚಿ ತೋರಸ್ರಿ."

ಸುಶೀಲಕುಮಾರ ಮುಗುಳ್ನಕ್ಕರು. ಪಾಠ ಮಾಡಿ ಪಳಗಿದ ಕೈ. ಚೀಟಿಯ ನಂತರ ಚೀಟಿ ಇಟ್ಟು ಪ್ರತಿಯೊಂದನ್ನೂ ವಿವರಿಸಿದರು. ಏಳನೆಯದು ದೋಣಿ. ಎಂಟನೆಯದು ಪೆಂಟಿ. "ಒದ್ದಿ ಬಟ್ಟಿ ಹಾಸಿ ಹಾಕಿದ್ರು. ಚಲೋ ಬಂಗಾರದ ಬಣ್ಣ ಬಂದಿತ್ತು," ಎಂದರು.

ಕಂಬಕ್ಕೆ ಒರಗಿದ್ದ ಶಿವರಾಜಪ್ಪ ನೆಟ್ಟಗಾದ. "ಏನಂದ್ರಿ? ಪೆಂಟಿ? ಅವತ್ತು?"

"ಹೌದಲ್ರಿ. ಇಪ್ಪತ್ತೆರಡು."

"ಯಪ್ಪಾ, ಮೊದಲ ಕೊಪ್ಪರಿಗಿಗಿ ಪೆಂಟಿ ಹಾಕಿದವ ನಮ್ಮ ವಂಶದಾಗ ಹುಟ್ಟಿಲ್ಲ! ಅದು ಮಂದೀದು. ಪಾಕ ಗಟ್ಟಿ ಆಗೂದಕ್ಕ ಮೊದಲೇ ಇಳಿಸಿ, ಕಾಕಂಬಿ ಇದ್ದಾಂಗೇ ಬಂದವರ ತಂಬಿಗಿಗಿ ಸುರುವಿ ಕೊಡ್ತೇವಿ. ದೋಣಿ ತೊಳಿಯೂದ ಮರುದಿನ."

ಕರುಣಾಳಿಗೆ ನೋಟುಬುಕ್ಕಿನ ಕೊನೆಯ ಹಾಳೆ ಕಣ್ಣಿಗೆ ಕಟ್ಟಿತು. ಹಿಂದಿನ ಮಗ್ಗುಲಲ್ಲಿ ತಾನೇ ಬರೆದಿದ್ದಳು: ಮೊದಲ ಕೊಪ್ಪರಿಗೆಯಾದರೆ ಪೆಂಟಿ ಇಲ್ಲ. ಬರೆದವಳೇ ವರದಿ ಓದಿದ್ದಳು. ಗೋಡೆಗೆ ಕೂಡಿ ಬಂದಿತೆಂದು ಸುಮ್ಮನಾಗಿದ್ದಳು.

"ಉಳಿದ ಗಾಣದಾಗ ಮೊದಲ ದಿನವೇ ಪೆಂಟಿ ಹಾಕ್ತಾರ," ಎಂದರು ಬೇಗಂ ನಿಧಾನಕ್ಕೆ. "ಇವರ ಮನಿಯಾಗ ಹಾಕಂಗಿಲ್ಲ. ಅದು ಅಲ್ಲಿ ನಿಂತು ನೋಡಿದವರಿಗಿ ಗೊತ್ತು, ಕರುಣಾನ ಹಿಂದಿನ ಮಗ್ಗಲ ಓದಿದವರಿಗಿ ಗೊತ್ತು. ಗೋಡಿ ನೋಡಿ ಬರ್ದವರಿಗಿ ಗೊತ್ತಿಲ್ಲ. ಇವತ್ತು ವರದಿ ಕೇಳಿದಾಗಲೇ ನನ್ನ ಕಿವಿ ನಿಮಿರಿತು. ಅಮಿತ ತಂದದ್ದು ಕಾಕಂಬಿ, ಮಾಸ್ತರು ಬರ್ದದ್ದು ಪೆಂಟಿ. ಕೊಪ್ಪರಿಗಿ ಒಂದೇ, ಹೊತ್ತು ಒಂದೇ. ಇಬ್ಬರಾಗ ಒಬ್ಬರು ಅಲ್ಲಿ ಇರಲಿಲ್ಲ. ಅಮಿತನ ಫೋಟೋಕ್ಕ ಹೊತ್ತು ಅದ, ಅವನ ಪ್ಯಾಂಟಿಗಿ ಅಂಟು ಅದ."

"ಅವ್ವ ಸಾಕ್ಷಿ ಹೇಳ್ತಾಳ್ರಿ," ಎಂದ ಅಮಿತ.

"ಇನ್ನ ಉಳಿದದ್ದು ಹೇಳ್ತೇನಿ, ತಪ್ಪಿದ್ರ ತಿದ್ರಿ ಮಾಸ್ತರ. ಕರುಣಾ ನೋಟುಬುಕ್ಕು ಕೈ ಬಿಡ್ತಿದ್ದಿಲ್ಲ. ಕೇಳಿದ್ರೂ ಕೊಡ್ತಿದ್ದಿಲ್ಲ, ಮಾತು ಕೊಟ್ಟಿದ್ದಳು. ಅದಕ್ಕ ಆಕಿನ್ನ ಔರಾದಕ್ಕ ಅಟ್ಟಿದ್ರಿ, ನೋಟುಬುಕ್ಕು ಇಟ್ಟು ಹೋಗು ಅಂದ್ರಿ. ಮುಂಜಾನಿ ಸಾಯಗಾಂವದಾಗ ಎಲ್ಲರ ಕಣ್ಣಿಗಿ ಬಿದ್ದು, ಏಳಕ್ಕ ಗಾಡಿ ಹತ್ತಿ, ನಾ ಕೋರ್ಟಿಗಿ ಹೋದ ಮ್ಯಾಲ ಇಲ್ಲಿ ಬಂದ್ರಿ. ಝೆರಾಕ್ಸ್ ಮಾಡಿಸಿ ಅವತ್ತೇ ವಾಪಸ್ ಇಡೂ ವಿಚಾರ ಇತ್ತು. ಗಡಿಬಿಡಿಯಾಗ ಹಾಳಿ ಹೊಳ್ಳಿಸಿ ನೋಡಲಿಲ್ಲ. ಹೊಳ್ಳಿ ಬಂದ್ರ ಹೊಸ್ತಿಲದಾಗ ನಾ ಕೂತಿದ್ದೆ. ಸಾಯಗಾಂವದಾಗ ಇರಬೇಕಾದವರು ನನ್ನ ಮುಂದ ಹ್ಯಾಂಗ ಮ್ಯಾಲ ಹತ್ತೂದು?"

ಸುಶೀಲಕುಮಾರ ಎಂಟನೆಯ ಚೀಟಿಯನ್ನು ಬೋರಲು ಹಾಕಿದರು. ಆಮೇಲೆ ಚೀಲಕ್ಕೆ ಕೈ ಹಾಕಿ, ನೀಲಿ ರಟ್ಟಿನ ನೋಟುಬುಕ್ಕು ತೆಗೆದು ಹೊರಸಿನ ಅಂಚಿಗಿಟ್ಟರು.

"ಮಂಗಳವಾರ ಲಗೂನ ಬಂದು ಇಡಬೇಕಂದೆ. ನೀ ನನಗಿಂತ ಮೊದಲು ಬಂದಿದ್ದಿ," ಎಂದರು ಕರುಣಾಳಿಗೆ. "ಎಲ್ಲಾ ಹುಡುಕಿ ಆದ ಮ್ಯಾಲ ಎಲ್ಲಿಂದ ಬಂತು ಅಂತ ಹೇಳಲಿ? ಒಂದು ಮಾತು ಕೇಳು. ಮಾರ್ಚಿಗಿ ಈ ಕೋಶ ನಿಂತು ಹೋಗ್ತಿತ್ತು. ಹದಿನೆಂಟು ವರ್ಷದ ಕೆಲಸ. ಔರಾದದ ಶೆಡ್ಡಿನವರು ಇನ್ನೂ ಮೂರು ವರ್ಷ ದುಡ್ಡು ಕೊಟ್ಟು ನಡಸ್ತೇವಿ ಅಂದ್ರು. ಒಂದು ಕಸುಬಿನ ಒಂದು ಮಾತು ಕೊಟ್ಟು ನಲವತ್ತು ಕಸುಬು ಉಳಿಸ್ದೆ. ನನಗಂತ ಏನೂ ತಗೊಂಡಿಲ್ಲ."

"ಕೊಟ್ಟದ್ದು ನಿಮ್ಮದಿತ್ತೇನ್ರಿ?" ಎಂದ ಶಿವರಾಜಪ್ಪ.

ಕರುಣಾ ನೋಟುಬುಕ್ಕು ತೆರೆದಳು. ತೊಗಟೆಯ ಹಾಳೆಯ ಮುಂದಿನ ಮಗ್ಗುಲಲ್ಲಿ ಮರದ ಹೆಸರು, ಅದಿರುವ ಜಾಗ, ಅದ್ದುವ ಹೊತ್ತು. ಆ ಹೆಸರು ಈ ಕತೆಯಲ್ಲಿಯೂ ಬರುವುದಿಲ್ಲ. ಹಾಳೆ ತಿರುವಿದರೆ ಅವಳದೇ ದುಂಡು ಅಕ್ಷರ: ಒಂದು ಮರಕ್ಕೆ ಮೂರು ವರ್ಷದಲ್ಲಿ ಒಮ್ಮೆ, ಮೂಡಣ ಮಗ್ಗುಲಿಗೆ ಮಾತ್ರ, ಅಂಗೈ ಅಗಲ, ಅದಕ್ಕಿಂತ ಹೆಚ್ಚಿಲ್ಲ, ಸುಲಿದ ಜಾಗಕ್ಕೆ ಕೆಮ್ಮಣ್ಣು ಮೆತ್ತಬೇಕು. ಆ ಮಗ್ಗುಲು ಔರಾದಕ್ಕೆ ಹೋಗಿರಲಿಲ್ಲ. ಟೆಂಪೋದವರಿಗೆ ಮರ ಗೊತ್ತಿತ್ತು, ಮಿತಿ ಗೊತ್ತಿರಲಿಲ್ಲ.

"ಸರ್," ಎಂದಳು. "ಎಲ್ಲೋ ಬಿಟ್ಟು ಬಂದಿರ್ಬೇಕು ಅಂದ್ರಲ್ರಿ. ಇವರ ಮುಂದ. ನೋಟುಬುಕ್ಕು ನಿಮ್ಮ ಚೀಲದಾಗ ಇತ್ತು."

ಬೇಗಂ ಕಾಗದ ಪೆನ್ನು ತರಿಸಿದರು. ನಡೆದದ್ದನ್ನೆಲ್ಲ ಸುಶೀಲಕುಮಾರರ ಕೈಯಿಂದಲೇ ಬರೆಸಿ ಸಹಿ ಹಾಕಿಸಿ, ಅಮಿತನನ್ನು ಸಾಕ್ಷಿ ಮಾಡಿದರು. "ಠಾಣಾಕ್ಕ ಒಯ್ಯೂದು ಬಿಡೂದು ನಿಮ್ಮ ಮಾತು ಶಿವರಾಜಪ್ಪ," ಎಂದು ಅವನ ಕೈಗೆ ಕೊಟ್ಟರು.

ಅವನು ಕಾಗದ ಮಡಚಿ ಅಂಗಿಯ ಒಳಜೇಬಿಗೆ ಇಟ್ಟುಕೊಂಡ. "ಪಂಚಾಯತಿಯಾಗ ಓದಸ್ತೇನಿ. ಆ ಶೆಡ್ಡಿನವರು ಇನ್ನೊಮ್ಮಿ ನದಿ ದಂಡಿಗಿ ಬರಬಾರದು, ಅಷ್ಟ ಸಾಕು. ಠಾಣಾದವರು ಬಂದು ಮರಕ್ಕ ತೊಗಟಿ ಹಚ್ಚತಾರೇನು?"

ಸುಶೀಲಕುಮಾರ ಕೀಲಿಯನ್ನು ಹೊರಸಿನ ಮೇಲಿಟ್ಟು ಓಣಿಗೆ ಇಳಿದರು. ಕರುಣಾ ಕಾಲು ಹಿಡಿದು ನಮಸ್ಕಾರ ಮಾಡುತ್ತಿದ್ದ ಮನುಷ್ಯ. ಈಗ ಬೆನ್ನು ತಿರುಗಿಸಿ ಹೋಗುವಾಗ ಖಾದಿ ಅಂಗಿಯ ಮೇಲೆ ಬೆವರಿನ ದೊಡ್ಡ ಕಲೆ ಕಂಡಿತು. ಅವರನ್ನು ತಡೆದು ಏನಾದರೂ ಕೇಳಬೇಕೆನಿಸಿತು. ಏನು ಕೇಳುವುದೆಂದು ತೋಚಲಿಲ್ಲ.

"ಅಂತೂ ಈಕಿ ಕಳ್ಳಿ ಅಲ್ಲ ಅಂತ ಆತಲ್ರಿ," ಎಂದರು ಬೇಗಂ.

"ಕಳ್ಳಿ ಅಲ್ಲ," ಎಂದು ಒಪ್ಪಿದ ಶಿವರಾಜಪ್ಪ. ರುಮಾಲು ಬಿಚ್ಚಿ ಮುಖ ಒರೆಸಿಕೊಂಡ. ಆಮೇಲೆ ಅಂದು ಮೊದಲ ಸಲ ಕರುಣಾಳ ಮುಖ ನೋಡಿ ಕೇಳಿದ. "ಕಳುವಾದದ್ದು ಹೋದ ಸೋಮವಾರದ ಹಿಂದಿನ ಸೋಮವಾರ. ಮರ ಸುಲಿದದ್ದು ಮೊನ್ನಿ ಮಂಗಳವಾರ. ನಡುವ ಒಂದು ವಾರ ಇತ್ತಲ್ಲ ತಂಗಿ. ಒಂದು ಫೋನು ಮಾಡಿದ್ರ ನನ್ನ ಮಗ, ನಾನು ಪಾಳಿ ಮ್ಯಾಲ ಮರದ ಬುಡಕ್ಕ ಕೂಡ್ತಿದ್ವಿ. ಯಾಕ ಹೇಳಲಿಲ್ಲ?"

ಈ ಪ್ರಶ್ನೆಯಲ್ಲಿ ಬೇಗಂ ಪತ್ತೆ ಹಚ್ಚಬೇಕಾದದ್ದು ಏನೂ ಇರಲಿಲ್ಲ.

"ಸರ್ ಬ್ಯಾಡ ಅಂದ್ರು," ಎಂದಳು ಕರುಣಾ.

"ಮಾತು ಕೊಟ್ಟದ್ದು ಸರ್‌ಗೇನು?"

"ನಿಮಗ, ಕಾಕಾ."

ಅವನು ಈ ಸಲ ಕಾಕಾ ಎಂಬುದನ್ನು ತಡೆಯಲಿಲ್ಲ, ಓಗೊಡಲೂ ಇಲ್ಲ. ಚಪ್ಪಲಿ ಮೆಟ್ಟಿಕೊಂಡ. ಐದೂವರೆಯ ಭಾಲ್ಕಿ ಬಸ್ಸಿತ್ತು.

"ನಾನೂ ಬರ್ತೇನಿ. ಕೆಮ್ಮಣ್ಣು ಸಗಣಿ ಕಲಸಿ ಮೆತ್ತಿ, ಗೋಣಿ ಸುತ್ತಿ ನೋಡೂಣು. ಒಂದರ ಉಳೀಬಹುದು."

"ಬರೂದಿದ್ರ ಬಾ. ಮೆತ್ತಲಿಕ್ಕ ಕೈ ಬೇಕು," ಎಂದ ಶಿವರಾಜಪ್ಪ. "ಬಂದ್ರ ತೀರ್ತದ ಅಂತ ತಿಳಿದು ಮಾತ್ರ ಬರಬ್ಯಾಡ. ತೀರಂಗಿಲ್ಲ."

ಕರುಣಾ ಕಪಾಟಿನ ಕೀಲಿಯನ್ನು ಬೇಗಂರ ಕೈಗೆ ಕೊಟ್ಟು, ನೋಟುಬುಕ್ಕನ್ನು ಶಿವರಾಜಪ್ಪನಿಗೆ ಕೊಟ್ಟು, ಅವನ ಹಿಂದೆ ನಡೆದಳು. ಬಸ್ಸಿನಲ್ಲಿ ರಾಶಿ ಮುಗಿಸಿ ಮರಳುವ ಕೂಲಿಯವರ ಗದ್ದಲ. ಅವನಿಗೆ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಮಗ್ಗುಲ ಜಾಗದ ಮೇಲೆ ಅವನು ರುಮಾಲು, ಅದರ ಮೇಲೆ ನೋಟುಬುಕ್ಕು ಇಟ್ಟ. ಕಂಡಕ್ಟರ್ ಬಂದಾಗ ತನ್ನ ಟಿಕೇಟು ತಾನು ತೆಗೆದುಕೊಂಡ. ಕರುಣಾ ಆಧಾರ ಕಾರ್ಡು ತೋರಿಸಿದಳು. ದುಡ್ಡಿಲ್ಲದ ಹೆಣ್ಣುಮಕ್ಕಳ ಟಿಕೇಟು ಹರಿದು ಕಂಡಕ್ಟರ್ ಆಕೆಯ ಕೈಗೆ ಕೊಟ್ಟ.

"ಅಜ್ಜಾ, ರುಮಾಲು ತಗೀರಿ, ಈ ತಂಗಿ ಕೂಡ್ಲಿ," ಎಂದ ಕಂಡಕ್ಟರ್.

"ಆಕಿ ಕೂಡಂಗಿಲ್ಲ," ಎಂದ ಶಿವರಾಜಪ್ಪ, ಕಿಟಕಿಯ ಹೊರಗೆ ನೋಡುತ್ತ.

ಕರುಣಾ ಮೇಲಿನ ಕಂಬಿ ಹಿಡಿದಳು. ಭಾಲ್ಕಿ ಬರುವವರೆಗೂ ನಿಂತೇ ಇದ್ದಳು.